ನಾಳೆ ನೀರಿಲ್ಲ

ಇಲ್ಲಿ ಬಾಗಿಲಿಗೆ ಕೀಲಿಯಿಲ್ಲ.
ಆರು ಅಂಕಿ ಒತ್ತಿದರೆ ಸಣ್ಣದೊಂದು ರಾಗ ಎಳೆದು ತೆರೆಯುತ್ತದೆ,
ತಪ್ಪಿದರೆ ಕೂಗಿ ಮಾನ ಕಳೆಯುತ್ತದೆ.
ಮೊದಲ ವಾರ ಮೂರು ಸಲ ಕಳೆಯಿತು.

ಮೊಕ್ಪೊ. ನೂರಾಮೂರನೆಯ ಕಟ್ಟಡ. ಹದಿನಾಲ್ಕನೆಯ ಮಹಡಿ.
ಕಿಟಕಿಯಾಚೆ ಒಂದು ಗೇಣು ಕಡಲು,
ಎದುರಿನ ಎರಡು ಕಟ್ಟಡ ಬಿಟ್ಟುಕೊಟ್ಟಷ್ಟು.
ಹಗಲೆಲ್ಲ ಪ್ರಯೋಗಾಲಯದಲ್ಲಿ ಕಡಲಪಾಚಿಯ ಎಸಳೆಣಿಸಿ
ಬಂದು ಕೂತರೆ ನೆಲ ಬೆಚ್ಚಗಿರುತ್ತದೆ,
ಈಗಷ್ಟೇ ಯಾರೋ ಎದ್ದುಹೋದ ಹಾಗೆ.

ಲಿಫ್ಟಿನ ಗುಂಡಿಗಳಲ್ಲಿ ನಾಲ್ಕಿಲ್ಲ, ಅಲ್ಲೊಂದು ಎಫ್.
ನಾಲ್ಕು ಅಂದರೆ ಸಾವು ಅಂದಂತೆ ಕೇಳುತ್ತದಂತೆ.
ಹದಿನಾಲ್ಕು ಮಾತ್ರ ಹೇಗೋ ಬದುಕಿಕೊಂಡಿದೆ,
ಅದರೊಳಗೆ ನಾನೂ.

ಕಸದ್ದು ಬೇರೆಯೇ ಶಾಸ್ತ್ರ.
ಬಾಟಲಿ ಬೇರೆ, ಬಾಟಲಿಯ ಮೈಮೇಲಿನ ಚೀಟಿ ಬೇರೆ.
ಸೇಬಿನ ಸಿಪ್ಪೆ ಊಟದ ಕಸ, ಈರುಳ್ಳಿಯದು ಅಲ್ಲ.
ಕಾವಲಿನ ಮಾ ಯಜಮಾನರು ನನ್ನ ಚೀಲಕ್ಕೆ ಕೈಹಾಕಿ
ಒಂದು ಒಣಸಿಪ್ಪೆ ಹೆಕ್ಕಿ, ದೀಪಕ್ಕೆ ಹಿಡಿದು ನೋಡಿದರು,
ಜಾತಕ ನೋಡಿದ ಹಾಗೆ.
ದೋಷವಿತ್ತು.

ಕೆಳಗಿನ ಮನೆಯ ಅಜ್ಜಿ ಎರಡು ಸಲ ಹತ್ತಿ ಬಂದಿದ್ದರು.
ಒಮ್ಮೆ, ರಾತ್ರಿ ಹತ್ತಕ್ಕೆ ನಾನು ಬೆಳ್ಳುಳ್ಳಿ ಜಜ್ಜುವಾಗ.
ಇನ್ನೊಮ್ಮೆ, ನಾನು ಏನೂ ಮಾಡದಿದ್ದಾಗ.
ನನ್ನ ನೆಲಕ್ಕೆ ಬೆರಳು, ಆಮೇಲೆ ತನ್ನ ತಲೆಗೆ ಬೆರಳು.
ಇಷ್ಟು ವ್ಯಾಕರಣ ಯಾವ ಭಾಷೆಯಲ್ಲೂ ತಿಳಿಯುತ್ತದೆ.
ಕುರ್ಚಿಯ ಕಾಲುಗಳಿಗೆ ಕಾಲುಚೀಲ ತೊಡಿಸಿದೆ,
ತುದಿಗಾಲಲ್ಲಿ ಸಂಸಾರ ಮಾಡಿದೆ.
ಅವರು ನನಗೆ ಸಾವಿರದ ಮುನ್ನೂರ ಎರಡು,
ನಾನು ಅವರಿಗೆ ಸಾವಿರದ ನಾನೂರ ಎರಡು.

ಈ ಮನೆಯ ಚಾವಣಿಗೊಂದು ಬಾಯಿದೆ. ಮುಚ್ಚುವ ಗುಂಡಿಯಿಲ್ಲ.
ಸಂಜೆ ಏಳಕ್ಕೆ ಟಿಂಗ್ ಎಂದು ಎಚ್ಚರಗೊಂಡು
ಕಚೇರಿಯ ಯಾವಳೋ ಗಂಟಲು ಸರಿಮಾಡಿಕೊಂಡು
ಓದಿದ್ದನ್ನೇ ಎರಡೆರಡು ಸಲ ಓದುತ್ತಾಳೆ.
ಐದು ತಿಂಗಳು ಅದು ಬರೀ ಗಾಳಿ.
ನವೆಂಬರಿನ ಒಂದು ಸಂಜೆ
ಆ ಗಾಳಿಯಿಂದ ಎರಡು ಕಾಳು ಉದುರಿದವು:
ನೇಯಿಲ್. ಮುಲ್.
ನಾಳೆ. ನೀರು.
ಮೊದಲನೆಯದು ನಮ್ಮ ನಾಳೆಯೇ ಇರಬೇಕು,
ಚಳಿಗೆ ಮೂಗು ಕಟ್ಟಿದೆ, ಅಷ್ಟೆ.

ಮುಂದಿನದಕ್ಕೆ ನಿಘಂಟು ಯಾಕೆ?
ಎಂಟು ದಿನಕ್ಕೊಮ್ಮೆ ನಲ್ಲಿ ಬಿಡುತ್ತಿದ್ದ ಓಣಿಯವಳು ನಾನು.
ನೀರು ಬಂತು ಎಂಬ ಕೂಗಿಗೆ
ನಿದ್ದೆಯಲ್ಲೇ ಎದ್ದು ಕೊಡ ಹಿಡಿದು ನಿಂತವಳು.
ಕುಕ್ಕರು, ಬಾಣಲೆ, ಬಕೆಟ್ಟು, ಸ್ನಾನದ ತೊಟ್ಟಿ,
ಕೊನೆಗೆ ಹೂದಾನಿ, ಚಹಾ ಲೋಟ.
ಮಲಗುವಾಗ ಮನೆ ತುಂಬಿದ ಬಸುರಿಯಂತಿತ್ತು.

ಮರುದಿನ ಶನಿವಾರ, ಬಾಗಿಲ ಕರೆಗಂಟೆ.
ಸಾವಿರದ ಮುನ್ನೂರ ಎರಡು.
ನಾನು ಮೊದಲು ನನ್ನ ಕಾಲುಗಳನ್ನೇ ನೋಡಿಕೊಂಡೆ.
ಅವರ ಕೈಯಲ್ಲಿ ಸೊಟ್ಟಗಾದ ಹಳದಿ ಕೆಟಲು.
ಎಂಟು ಎಲೆಕೋಸು ಉಪ್ಪಿನಲ್ಲಿ ಮೆತ್ತಗಾಗಿ ಕೂತಿವೆ,
ತೊಳೆಯಲು ಹನಿಯಿಲ್ಲ.
ಚಾವಣಿಯ ಹೆಂಗಸು ಎರಡು ಸಲ ಓದಿದ್ದು ಕೇಳದ ಆ ಕಿವಿಗೆ
ನನ್ನ ಬೆಳ್ಳುಳ್ಳಿ ಮಾತ್ರ ಕೇಳಿತ್ತು!

ಹನ್ನೊಂದು ಸಲ ಬಕೆಟ್ಟು ಹೊತ್ತು ಇಳಿದೆ.
ಅವರ ಸ್ನಾನದಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಒಂದೊಂದೇ ಎಲೆ ಬಿಡಿಸಿ ತೊಳೆದೆವು.
ಖಾರ ಹಚ್ಚಿ, ಸುರುಳಿ ಸುತ್ತಿ
ಕೇಳದೆಯೇ ನನ್ನ ಬಾಯಿಗೆ ತುರುಕಿದರು.
ಕಣ್ಣಲ್ಲಿ ನೀರು. ಅದಕ್ಕಂತೂ ಬರವಿರಲಿಲ್ಲ.

ಹೆಸರು ಆಗ ಬಂತು. ಕ್ವಾಕ್ ಮಾಲ್ಸುನ್.
ನಾಲ್ಕು ಬೆರಳು ಎತ್ತಿ, ಹುಡುಗಿ, ಹುಡುಗಿ, ಹುಡುಗಿ, ಹುಡುಗಿ ಎಂದು,
ಐದನೆಯದಾಗಿ ತಮ್ಮ ಎದೆ ಮುಟ್ಟಿ
ಅಂಗೈ ಅಡ್ಡ ಆಡಿಸಿದರು:
ಮುಗಿಯಲಿ, ಇದೇ ಕೊನೆಯದಾಗಲಿ.
ನನ್ನ ಅಜ್ಜಿಯ ತಂಗಿಯೂ ಹಾಗೇ, ಅಂದೆ.
ಸಾಕಮ್ಮ.
ಸಾ-ಕಾಮ್-ಮಾ, ಅಂದರು ಅವರು,
ಖಾರ ಹತ್ತಿದ ಮೊಣಕೈಯಿಂದ ಕೂದಲು ಹಿಂದೆ ಸರಿಸಿ.
ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು.
ಆಮೇಲೆ ನಗಲಿಲ್ಲ.

ರಾತ್ರಿ ನಲ್ಲಿ ಕೆಮ್ಮಿತು, ಕೆಂಪಗೆ ಉಗುಳಿತು, ಸರಿಹೋಯಿತು.
ಹೂದಾನಿಯ ನೀರು ಚೆಲ್ಲಲು ಮನಸ್ಸಾಗಲಿಲ್ಲ.
ಹತ್ತು ಗಂಟೆಗೆ, ಮಡಿಸಿದ ಟವೆಲಿನ ಮೇಲೆ ಹಲಗೆಯಿಟ್ಟು
ಮೂರು ಎಸಳು ಬೆಳ್ಳುಳ್ಳಿ ಜಜ್ಜಿದೆ.
ಕೆಳಗಿನಿಂದ ಠಕ್ ಠಕ್,
ಪೊರಕೆಯ ಹಿಡಿಯಿರಬೇಕು.
ಬೈದದ್ದೋ, ಮಾತಾಡಿಸಿದ್ದೋ?

ನೇಯಿಲ್ ಕೇಳಿದರಾಯಿತು.