ನಿಲುವಂಗಿಯೊಳಗೆ

ಬೆಲಾರ್ಮೀನೋ ಇಗರ್ಜಿಯ ಬೀಗದಕೈ ಕೊಟ್ಟು ಹೇಳಿದ:
"ದೇವಮಾತೆಯ ಮುಖ ಹೋಗಿದೆ, ಎದುವೀನಾ.
ಹಬ್ಬಕ್ಕೆ ಎಂಟೇ ದಿನ. ಹೊಸದು ಬರಿ."

ನಿಜಕ್ಕೂ ಹೋಗಿತ್ತು.
ಚಿಲೋಯೆ ದ್ವೀಪದ ಉಪ್ಪುಗಾಳಿಗೆ
ದೇವಮಾತೆಯೂ ಒಂದೇ, ದೋಣಿಯೂ ಒಂದೇ.
ಎಡಗೆನ್ನೆಯ ಬಣ್ಣ ಸಿಪ್ಪೆ ಎದ್ದು
ಒಳಗಿನ ಮರ ಕಾಣುತ್ತಿತ್ತು,
ಸೂಜಿ ಚುಚ್ಚಿದ ಹಾಗೆ ಹುಳುವಿನ ತೂತುಗಳು.

ನನ್ನದೂ ಎಡಗೆನ್ನೆಯೇ.
ಏಳು ವರ್ಷದವಳಿದ್ದಾಗ
ಚಿಪ್ಪುಮೀನು ಬೇಯುವ ಹಂಡೆ ಮಗುಚಿತು.
ಅಂದಿನಿಂದ ಶಾಲು ತಾನಾಗಿ ಎಡಕ್ಕೆ ಜಾರುತ್ತದೆ.
ಪೂಜೆಗೆ ಹೋದರೆ ಕೊನೆಯ ಬೆಂಚು, ಕಂಬದ ಮರೆ;
ಪ್ರಸಾದಕ್ಕೆ ಎಲ್ಲರೂ ಎದ್ದು ಕೂತ ಮೇಲೆ ಏಳುವವಳು.
ನಲವತ್ತು ವರ್ಷದಿಂದ ಊರೂರಿನ ಸಂತರಿಗೆ ಮುಖ ಬರೆಯುತ್ತೇನೆ,
ನನ್ನ ಮನೆಯಲ್ಲಿ ಕನ್ನಡಿಯಿಲ್ಲ.
ಇದೆ, ಒಂದು.
ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದೇನೆ.

ಬಣ್ಣದ ಡಬ್ಬಿ ಹೊರಲು ಪಕ್ಕದ ಮನೆಯ ಮಿಲ್ಯಾರಾಯ್ ಬಂದಳು,
ಐದು ತುಂಬಿಲ್ಲ, ಸುರಿಯುವ ಮೂಗು,
ಕಾಲಲ್ಲಿ ಅಣ್ಣನ ಬೂಟು.
ದೇವಮಾತೆಯನ್ನು ನೋಡಿದಳು, ಆಮೇಲೆ ನನ್ನನ್ನು.
"ನೀವಿಬ್ಬರೂ ಒಂದೇ ಒಲೆಗೆ ಬಿದ್ದಿರಾ?"

ಸಿಟ್ಟು ಬರಬೇಕಿತ್ತು. ಕುಂಚ ತೊಳೆದೆ,
ತೊಳೆದದ್ದನ್ನೇ ತೊಳೆದೆ.
"ಈಗಲೂ ನೋವಾ?"
"ಇಲ್ಲ."
"ಮತ್ತೆ ಯಾಕೆ ಮುಚ್ಕೊಂಡಿದೀಯ?"

ಪಾಪನಿವೇದನೆಯ ಜಾಲರಿಯಾಚೆಯಿಂದ
ಪಾದ್ರಿಗಳು ಏನೇನೋ ಕೇಳಿದ್ದಾರೆ, ಇದನ್ನು ಕೇಳಿಲ್ಲ.
ನಾನು ಉತ್ತರ ತಡಕುವಷ್ಟರಲ್ಲಿ
ಅವಳಿಗೆ ಉತ್ತರ ಬೇಡವಾಗಿತ್ತು.
ನೆಲಕ್ಕೆ ಬೋರಲು ಮಲಗಿ
ನೀಲಿ ನಿಲುವಂಗಿಯ ಅಂಚೆತ್ತಿ ತಲೆ ತೂರಿಸಿದ್ದಳು.

ಬಲ್ಲವರು ಬಲ್ಲರು: ಬಟ್ಟೆ ಉಡಿಸುವ ಮೂರ್ತಿಗೆ ಮೈ ಇರುವುದಿಲ್ಲ.
ಮುಖವೊಂದು, ಕೈಯೆರಡು, ಜನರ ಕಣ್ಣಿಗೆ ಬೀಳುವಷ್ಟು.
ಕೆಳಗೆಲ್ಲ ಮರದ ಪಟ್ಟಿಗಳ ಪಂಜರ,
ಕೋಳಿ ಮುಚ್ಚಲೂ ಆಗದಂಥದ್ದು.
ನಾನೂ ಅಂಥವಳೇ ಎಂದುಕೊಂಡು ಎಷ್ಟು ರಾತ್ರಿ ಮಗ್ಗುಲು ಬದಲಿಸಿಲ್ಲ:
ಹೊರಗೆ ಕೆಟ್ಟ ಮುಖ, ಒಳಗೆ ಬರೀ ಕಡ್ಡಿ.
ನನ್ನನ್ನು ಮಾಡುತ್ತಿದ್ದವನು
ಅರ್ಧಕ್ಕೇ ಎದ್ದು ಊಟಕ್ಕೆ ಹೋದನೇನೋ.

ನಿಲುವಂಗಿಯೊಳಗಿಂದ ಪಿಸುಮಾತು:
"ಎದುವೀನಾ, ಇವಳು ಬಸುರಿ."

ಮಂಡಿಯೂರಿದೆ, ಮಂಡಿ ಲಟಕ್ಕೆಂದಿತು.
ಎದೆಯಿಂದ ಒಂದು ಗೇಣು ಕೆಳಗೆ, ಪಟ್ಟಿಗಳ ಸಂದಿಯಲ್ಲಿ,
ಪಾಚಿ, ಕುರಿಯುಣ್ಣೆ, ಯಾರದೋ ಬಲೆಯ ಹಸಿರು ದಾರ,
ಯಾವ ತಾಯಿಯೋ ಹರಕೆಗೆ ಕಟ್ಟಿದ ರಿಬ್ಬನ್ನಿನ ಚೂರು;
ನಡುವೆ ಐದು ಮೊಟ್ಟೆ, ಹೆಬ್ಬೆರಳ ಉಗುರಿನಷ್ಟು.
ಒಡೆದ ಕಿಟಕಿಯಲ್ಲಿ ಚೆರ್ಕಾನ್ ಹಕ್ಕಿ
ಹಿಡಿ ಗಾತ್ರದ ಮೈಯೆಲ್ಲ ಬಾಯಾಗಿ
ನಮ್ಮಿಬ್ಬರನ್ನೂ ಬಯ್ಯುತ್ತಿತ್ತು.

ಅಷ್ಟು ವರ್ಷ ನಾನು ಮುಖಗಳನ್ನೇ ತಿದ್ದಿದ್ದೆ.
ಅಂಗಿಯಂಚು ಎತ್ತಿ ನೋಡಿರಲಿಲ್ಲ,
ಖಾಲಿಯೆಂದು ಗೊತ್ತಿತ್ತಲ್ಲ.
ಹಕ್ಕಿಗೆ ಅದು ಗೊತ್ತಿರಲಿಲ್ಲ. ಮಗುವಿಗೂ.

ಬೆಲಾರ್ಮೀನೋ ಬಂದು ಗದರಿದ. "ಮುಖ ಎಲ್ಲಿ?"
ಮಿಲ್ಯಾರಾಯ್ ಬಾಯಿಗೆ ಬೆರಳಿಟ್ಟು ಅವನನ್ನು ಬಗ್ಗಿಸಿದಳು.
ತುಂಬ ಹೊತ್ತು ಬಗ್ಗಿಯೇ ಇದ್ದ.
ಎದ್ದಾಗ ಟೋಪಿ ಕೈಯಲ್ಲಿತ್ತು.
"ಸರಿ," ಅಂದ, "ಹೆರಿಗೆ ಮನೆಯವಳನ್ನು ಬೀದಿಗೆ ಹೊರಡಿಸಬಾರದು."

ಹಬ್ಬದ ದಿನ ಖಾಲಿ ಪಲ್ಲಕ್ಕಿ ಹೊರಟಿತು.
ಹೊತ್ತ ನಾಲ್ವರೂ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದರು,
ಭಾರವಿರುವ ಹಾಗೆ, ಕುಲುಕಿದರೆ ಏನೋ ಒಡೆಯುವ ಹಾಗೆ.
ನನ್ನ ಬಲಗೈಯಲ್ಲಿ ಮೇಣದಬತ್ತಿ,
ಎಡಗೈಯನ್ನು ಮಿಲ್ಯಾರಾಯ್ ಬಿಡಲೊಲ್ಲಳು.
ದಂಡೆಯ ತಿರುವಿನಲ್ಲಿ ಗಾಳಿಯೆದ್ದು ಶಾಲು ಜಾರಿತು.
ಎಳೆದುಕೊಳ್ಳಲು ನನಗೆ ಮೂರನೆಯ ಕೈಯಿರಲಿಲ್ಲ.

ಆ ಚರ್ಮಕ್ಕೆ ಕಡಲು ತಾಗಿ ಎಷ್ಟು ವರ್ಷವಾಗಿತ್ತೋ.
ತಣ್ಣಗಿತ್ತು.
"ಬೂಟು ಕಚ್ತಿದೆ," ಅಂದಳು ಮಿಲ್ಯಾರಾಯ್,
"ಎತ್ಕೋ."