ಕಿವಿ ಯಾವ ಕಡೆಗೆ

ನಲವತ್ತು ಬ್ರಾಕೆಟ್ಟು,
ನಲವತ್ತಕ್ಕೂ ಕಿವಿ ಎಡಕ್ಕೆ.
ಬ್ಯಾಲರಾಟ್‌ನ ಎರಕದ ಕಾರ್ಖಾನೆಯ ಅಂಗಳದಲ್ಲಿ
ಜುಲೈ ಮುಂಜಾವಿನ ಹಿಮದ ಹುಡಿ ಹೊತ್ತು
ಸಾಲಾಗಿ ಕೂತಿದ್ದವು,
ತಪ್ಪು ತಮ್ಮದಲ್ಲವೆಂಬಂತೆ.

ತಮ್ಮದಲ್ಲ. ನನ್ನದು.
ಗೆರೆ ಕೂದಲೆಳೆಯಷ್ಟು ಸಣ್ಣ,
ಅಳತೆ ಒಂದು ಮಿಲಿಮೀಟರೂ ಆಚೀಚೆ ಇಲ್ಲ,
ಬೇಕಿದ್ದರೆ ಈಗಲೂ ಸ್ಕೇಲಿಟ್ಟು ನೋಡಿ.
ಮೂಲೆಯ ಚೌಕದಲ್ಲಿ ಹೆಸರು ಬರೆದೆ, ತಾರೀಖು ಬರೆದೆ.
ಆ ಪುಟ್ಟ ಮೊಟಕು ಶಂಕು,
ಪಕ್ಕದಲ್ಲಿ ವೃತ್ತದೊಳಗೊಂದು ವೃತ್ತ,
ಅದೊಂದನ್ನು ಬಿಟ್ಟೆ.
ಯಾರಿಗೆ ಗೊತ್ತಿಲ್ಲ, ಅಂದುಕೊಂಡು.

ತುಮಕೂರಿನಲ್ಲಿ ಚನ್ನವೀರಯ್ಯ ಮೇಷ್ಟ್ರು
ಸೀಮೆಸುಣ್ಣದ ಡಬ್ಬಿಯನ್ನು
ನಮಗೂ ಗೋಡೆಗೂ ನಡುವೆ ಹಿಡಿದು ಹೇಳಿದ್ದರು:
ನೀವಿಲ್ಲಿ, ವಸ್ತು ಇಲ್ಲಿ, ಅದರಾಚೆ ಗೋಡೆ.
ಎಡದಿಂದ ನೋಡಿದ್ದು ಬಲದ ಗೋಡೆಗೆ ಬೀಳುತ್ತೆ,
ಮೇಲಿಂದ ನೋಡಿದ್ದು ನೆಲಕ್ಕೆ.
ನೋಟ ಅಂದ್ರೆ ವಸ್ತುವನ್ನ ದಾಟಿ ಹೋಗೋದು ಕಣ್ರಯ್ಯಾ.
ಹಿಂದಿನ ಬೆಂಚು ಕಿಸಕ್ಕೆಂದಿತು.
ಇಡೀ ತರಗತಿಗೆ ಇಬ್ಬರೇ ಹುಡುಗಿಯರು ನಾವು,
ನಗುವಷ್ಟು ಧೈರ್ಯವಿರಲಿಲ್ಲ.
ನಾನದನ್ನು ಮಾತ್ರೆಯಂತೆ ನುಂಗಿಬಿಟ್ಟೆ.

ನುಂಗಿದ್ದು ಸಮುದ್ರ ದಾಟಿದರೂ ಕರಗಲಿಲ್ಲ.
ಇಲ್ಲಿ ಮಧ್ಯಾಹ್ನದ ಸೂರ್ಯ ಬಡಗಣಕ್ಕೆ ವಾಲುತ್ತಾನೆ,
ಬಿದಿಗೆಯ ಚಂದ್ರ ಮಗ್ಗುಲು ಬದಲಿಸಿ ಮಲಗುತ್ತಾನೆ,
ಜಲಜಾಕ್ಷಿ ಹಾಜರಿ ಪುಸ್ತಕದಲ್ಲಿ ಜಿಲ್ ಆಗುತ್ತಾಳೆ.
ಎಲ್ಲ ಒಂದು ವಾರಕ್ಕೆ ರೂಢಿಯಾಯಿತು.
ಕಾಗದ ಮಾತ್ರ ಎಲ್ಲ ಕಡೆಗೂ ಒಂದೇ ಎಂದು ನಂಬಿದ್ದೆ.

ಮರದಚ್ಚು ಕೆತ್ತುವ ಕಾಲಿನ್ ಟ್ರೆಂಬಾತ್,
ಎಡಗೈಯಲ್ಲಿ ಎರಡು ಬೆರಳು ಕಡಿಮೆ,
ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.
ಗೇಜು ಇಡುವ ಗಾಜಿನ ಬೀರುವಿನೊಳಗೆ
ಒಂದು ಬ್ರಾಕೆಟ್ಟಿಟ್ಟು ಬಾಗಿಲು ಮುಚ್ಚಿ,
ಎದುರಿನ ಗಾಜಿಗೆ ಹಾ ಎಂದು ಉಸಿರು ಬಿಟ್ಟು
ಮಂಜಿನ ಮೇಲೆ ಬೆರಳಲ್ಲಿ ಕಂಡದ್ದನ್ನು ಎಳೆದ.
ಬಲಕ್ಕೆ ಬಂದ. ಅಲ್ಲಿಯೂ ಉಸಿರು, ಅಲ್ಲಿಯೂ ಗೆರೆ.
ಆಮೇಲೆ ಆ ಬಲದ ಬಾಗಿಲನ್ನು
ಕೀಲಿನ ಮೇಲೆ ಮೆಲ್ಲಗೆ ತಿರುಗಿಸಿ
ಎದುರಿನ ಗಾಜಿನ ಸಾಲಿಗೆ ತಂದು ನಿಲ್ಲಿಸಿದ.
ಬಲದ್ದು ಬಲಕ್ಕೇ ಇತ್ತು.
ಅಷ್ಟೇ, ಅಂದ. ಇಲ್ಲಿ ಗಾಜು ನಡುವೆ ಇರುತ್ತೆ, ಜಿಲ್.

ನೋಡನೋಡುತ್ತ ಗೆರೆಗಳು ಆರಿಹೋದವು,
ಮೊದಲು ಕಿವಿ, ಆಮೇಲೆ ಬೋಲ್ಟಿನ ತೂತು.

ನಾನು ಬರೆದದ್ದು ಗೋಡೆಯ ಮೇಲಿನ ನೆರಳು.
ಅವನು ಓದಿದ್ದು ಗಾಜಿನ ಮೇಲಿನ ಮಂಜು.
ಎರಡರಲ್ಲೂ ಸುಳ್ಳಿರಲಿಲ್ಲ,
ಅದೇ ಹೊಟ್ಟೆ ಉರಿಸಿದ್ದು.
ಚುಕ್ಕೆಗೆರೆಗಳು ಗುಟ್ಟು ಹೇಳಬಹುದಿತ್ತು;
ಈ ಬ್ರಾಕೆಟ್ಟಿಗೆ ಅಡಗಿದ್ದೆಂಬುದೇ ಇರಲಿಲ್ಲ.
ಎಲ್ಲ ಕಾಣುವಂತಿದ್ದರೂ ತಿರುವುಮುರುವು.

ಪಂಪಿನ ಕಂಪನಿಯವರು ಮೂರು ವಾರ ಕಾದರು.
ಮಾಲೀಕರು ಸಂಬಳ ಮುರಿಯಲಿಲ್ಲ,
ಮುರಿಯುತ್ತಾರೆಂದು ನಾನು ಲೆಕ್ಕ ಹಾಕಿಟ್ಟಿದ್ದೆ.
ಮೂವತ್ತೊಂಬತ್ತು ಮತ್ತೆ ಕುಲುಮೆಗೆ ಹೋದವು,
ಕೆಂಪಾಗಿ, ಬಿಳಿಯಾಗಿ,
ಎಡಬಲದ ಗೊಡವೆಯಿಲ್ಲದ ನೀರಾಗಿ.

ಉಳಿದ ಒಂದು ಸೆಬಾಸ್ಟೊಪೋಲ್‌ನ ನನ್ನ ಮನೆಯಲ್ಲಿ
ಬಾಗಿಲು ಬಡಿಯದಂತೆ ತಡೆದು ಕೂತಿದೆ,
ಮೂವತ್ತು ವರ್ಷದಿಂದ.
ಬಂದವರು ಕೇಳುತ್ತಾರೆ ಇದೇನೆಂದು,
ಭಾರ, ಅನ್ನುತ್ತೇನೆ.

ಎದುರಿಗೊಂದು ನಿಲುವುಗನ್ನಡಿ ಇದೆ.
ಅದರೊಳಗೆ ಕಿವಿ ಬಲಕ್ಕಿದೆ,
ಕಾಲಿನ್ ಕೇಳಿದ್ದ ಹಾಗೆಯೇ, ಅಳತೆಗೆ ಸರಿಯಾಗಿ.
ಪೊರಕೆ ಹಿಡಿದು ಬಗ್ಗಿದಾಗ ಒಮ್ಮೊಮ್ಮೆ
ಅಲ್ಲಿ ಗುಡಿಸುತ್ತಿರುವವಳನ್ನು ನೋಡುತ್ತೇನೆ:
ಅದೇ ನರೆ, ಅದೇ ಕನ್ನಡಕ,
ಅವಳು ಎಡಚಿ.