ಪಾಯಜಾಮಾ ಹೇಳಿದ್ದು

ಬೀದರ ದವಾಖಾನಿಯಿಂದ ಬಂದ ಹುಡುಗಿ ನಾಜ್ನೀನ್,
ಕೈಯಾಗ ಫೋನು,
ಫೋನಿನಾಗ ನನ್ನ ಗಂಡನ ರಾತ್ರಿ.

ಹದಿನೈದು ದಿನದ ಹಿಂದ ಕೊಟ್ಟು ಹೋಗಿದ್ಳು,
ಬೂದಿ ಬಣ್ಣದ ಪಾಯಜಾಮಾ, ಒಳಗೆಲ್ಲ ಬೆಳ್ಳಿ ಎಳಿ.
ನಡಿಗಿ ಅಳೀತದ, ಜೋಲಿ ಹೋದರ
ಬೀಳೂಕಿಂತ ಮೊದಲ ಹೇಳತದ ಅಂತ.
ಇವರು ಮೊದಲ ನೋಡಿದ್ದು ಹೊಲಿಗಿ:
'ಆಸನ ಜಗ್ಗತದಲ್ಲ, ಯಾವ ಸಿಂಪಿಗ್ಯಾ ಹೊಲದಾನ?'
ಭಾಲ್ಕಿ ಗಂಜಿನಾಗ ಐವತ್ತೆರಡು ವರ್ಷ
ಊರಿನ ಸೊಂಟ ಅಳದ ಕೈ.
ತಮ್ಮ ಅಳತಿ ಯಾರಿಗೂ ಕೊಟ್ಟಿರಲಿಲ್ಲ.

ಹುಡುಗಿ ಗೆರಿ ತೋರಿಸಿದಳು.
'ಹಗಲೆಲ್ಲ ಛಲೋ ಅದ, ಕಾಕು.
ರಾತ್ರಿ ಎರಡರ ಮ್ಯಾಲ ಬಲಗಾಲು ಅಲಗಾಡತದ,
ನಿಲ್ಲತದ, ಮತ್ತ ಶುರು.
ನರದ ಡಾಕ್ಟರಿಗೆ ತೋರಿಸ್ರಿ.'

ನನಗ ಓದು ಬರಂಗಿಲ್ಲ,
ಈ ಗೆರಿ ಬರತದ.
ಇಲ್ಲಿ ಉದ್ದ ಅದಲ್ಲ, ಪ್ಯಾಂಟಿನ ಮಗ್ಗಲ ಹೊಲಿಗಿ.
ಇಲ್ಲಿ ಗಪ್ಪನ ನಿಂತದ, ಮೂಲಿ ತಿರುಗಸ್ಯಾರ.
ಈ ಸಣ್ಣ ಸಣ್ಣವು ಕಾಲರು.
ಜೂನ್ ತಿಂಗಳು ತಂಗಿ,
ಸಾಲಿ ಯುನಿಫಾರ್ಮಿನ ಗದ್ದಲ.
ಮಿಷನ್ ಮಾರಿ ಮೂರು ವರ್ಷಾತು,
ಕಾಲಿಗೆ ಯಾರೂ ಹೇಳಿಲ್ಲ.

ಅಕಿ ನಕ್ಕಳು. ನಕ್ಕೋತನೇ ಚೀಟಿ ಬರದಳು.
ಇವರು ಕಟ್ಟಿ ಮ್ಯಾಲ ಕುಂತು
ಬೆಳ್ಳಿ ಎಳಿ ತಪ್ಪಿಸಿ ತಪ್ಪಿಸಿ
ಆ ಆಸನದ ಹೊಲಿಗಿ ಬಿಚ್ಚಲಿಕ್ಕೆ ಹತ್ತಿದ್ದರು.

ಗುರುವಾರ ಹೋಗತೀವಿ.
ಯಾಕಂದರ ಕಡೀಕ, ಬೆಳಗಿನ ನಾಕರ ಹತ್ತಿರ
ಎಡಗಾಲಿಂದೊಂದು ಸಣ್ಣ ಗೆರಿ ಇತ್ತು.
ಅದು ಯಾವ ಬಟ್ಟಿಂದೂ ಅಲ್ಲ.